ಕೈಕಸುಬಿಗೆ ಮಾನ ತಂದ ಮಹಾತಾಯಿ



ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲ ಎಂದು ಶರಣರು ಸಾರಿ ಎಂಟು ನೂರು ವರ್ಷಗಳಿಗೂ ಮಿಕ್ಕಿತು. ನೂಲುವ ಕದಿರೆ ರೆಮ್ಮವ್ವೆ, ಅಕ್ಕಿ ಆಯುವ ಲಕ್ಕಮ್ಮ ಆ ಸಾಲಿನಲ್ಲಿ ಸರಿಸಮನಾಗಿ ನಿಂತರು. ಆದರೆ ಇಂದಿಗೂ ಹಳ್ಳಿಯ ಹೆಣ್ಣುಮಗಳು ಹೆಣೆದ ಚಾಪೆ, ಹೊಲಿದ ಕೌದಿ, ಹಾಕಿದ ಕಸೂತಿ ಮನೆಗೆಲಸದ ಲೆಕ್ಕಕ್ಕೇ ಸೇರಿಬಿಡುತ್ತವೆ. ಆ ಲೆಕ್ಕ ಸರಿಯಲ್ಲವೆಂದು ಜೀವಮಾನವಿಡೀ ದುಡಿದು ತೋರಿಸಿದವರು ಕಮಲಾದೇವಿ ಚಟ್ಟೋಪಾಧ್ಯಾಯರು. ಆ ತಾಯಿಯ ಜೀವನವನ್ನು ಇಂದು ಸ್ಮರಿಸೋಣ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ದೊಡ್ಡ ಸರ್ಕಾರಿ ಅಧಿಕಾರಿ, ತಾಯಿ ಗಿರಿಜಾಬಾಯಿ. ಬಾಲಕಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಮರಣಪತ್ರ ಬರೆದಿಟ್ಟಿರಲಿಲ್ಲವಾಗಿ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಸ್ವಾಭಿಮಾನಿಯಾದ ಗಿರಿಜಾಬಾಯಿ ಅದನ್ನೂ ಬೇಡವೆಂದು ತವರಿನಿಂದ ತಂದ ಹಣದಲ್ಲಿಯೇ ಮಕ್ಕಳನ್ನು ಸಾಕಿದರು. ಹೆಣ್ಣಿಗೆ ತನ್ನದೆಂಬ ಗಳಿಕೆ ಇಲ್ಲದಿದ್ದರೆ ಏನಾಗುವುದೆಂಬ ಪಾಠ ಕಮಲಾದೇವಿಯವರಿಗೆ ಮನೆಯಲ್ಲಿಯೇ ದೊರೆಯಿತು.

ಹದಿನಾಲ್ಕಕ್ಕೆ ಮದುವೆ, ಎರಡೇ ವರ್ಷಗಳಲ್ಲಿ ವೈಧವ್ಯ. ಆ ಕಾಲದಲ್ಲಿ ಅಷ್ಟಕ್ಕೇ ಬಾಳು ಮುಗಿಯಿತೆಂದು ಹೆಣ್ಣನ್ನು ಮೂಲೆಗೆ ಕೂರಿಸುತ್ತಿದ್ದರು. ಆದರೆ ಅವರು ಓದನ್ನು ಬಿಡಲಿಲ್ಲ. ಮದ್ರಾಸಿನಲ್ಲಿ ಕಲಿಯುವಾಗ ಪರಿಚಿತರಾದ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಸಮಾಜದ ಟೀಕೆಗೆ ಅಂಜದೆ ವರಿಸಿದರು. 1926ರಲ್ಲಿ ಮದ್ರಾಸ್ ಪ್ರಾಂತ್ಯದ ಶಾಸನಸಭೆಯ ಚುನಾವಣೆಗೆ ನಿಂತು ಅತ್ಯಲ್ಪ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಸ್ಥಾನವಿರಬೇಕೆಂದು ಗಾಂಧೀಜಿಯವರನ್ನು ಒಪ್ಪಿಸಿ, ಮುಂಬಯಿಯಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದರು.

ಸ್ವಾತಂತ್ರ್ಯ ಬಂದಿತು, ಜೊತೆಗೆ ದೇಶ ವಿಭಜನೆಯ ಸಂಕಟವೂ ಬಂದಿತು. ಕಮಲಾದೇವಿಯವರು ಅಧಿಕಾರದ ಕಡೆಗೆ ಹೋಗದೆ ನಿರಾಶ್ರಿತರ ಶಿಬಿರಗಳ ಕಡೆಗೆ ನಡೆದರು. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿದರು. ದೆಹಲಿಯ ಬಳಿ ಫರೀದಾಬಾದಿನಲ್ಲಿ ವಾಯವ್ಯ ಗಡಿಪ್ರಾಂತ್ಯದಿಂದ ಬಂದ ಸುಮಾರು 50,000 ಜನರು ನೆಲೆಯೂರುವುದಕ್ಕೆ ಆ ಒಕ್ಕೂಟ ನೆರವಾಯಿತು. ಅನ್ನ ಹಾಕುವುದು ಪುಣ್ಯವೇ ಸರಿ. ಆದರೆ ಕೈಗೆ ಕೆಲಸ ಕೊಟ್ಟರೆ ಮನುಷ್ಯ ಮತ್ತೆ ಕೈ ಚಾಚಬೇಕಾಗಿಲ್ಲ ಎಂಬುದನ್ನು ಅವರು ಅರಿತಿದ್ದರು.

1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಗೆ ಅವರೇ ಅಧ್ಯಕ್ಷರಾದರು. ಊರೂರು ಅಲೆದು ಮರೆಯಾಗುತ್ತಿದ್ದ ಕಸುಬುಗಳನ್ನು ಹುಡುಕಿದರು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಅಳಿವಿನಂಚಿನಲ್ಲಿದ್ದ ಕಲಂಕಾರಿಗೆ ತರಬೇತಿ ಕೇಂದ್ರ ಏರ್ಪಡುವಂತೆ ಮಾಡಿದರು. ಇಂದು ಅಲ್ಲಿ ಎಷ್ಟೋ ಹೆಣ್ಣುಮಕ್ಕಳು ಆ ಕಲೆಯಿಂದ ಸಂಸಾರ ತೂಗಿಸುತ್ತಿದ್ದಾರೆ. ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1965ರಲ್ಲಿ ಆರಂಭವಾಯಿತು. ಹೆಸರಿಲ್ಲದ ಕೈಗಳಿಗೆ ಹೆಸರು ಬಂದಿತು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. 1988ರ ಅಕ್ಟೋಬರ್ 29ರಂದು ಅವರು ಇಹಲೋಕ ತ್ಯಜಿಸಿದರು. ಅವರ ಹೆಸರಿನಲ್ಲಿ ಮಹಿಳಾ ನೇಕಾರರಿಗೂ ಕುಶಲಕರ್ಮಿಗಳಿಗೂ ಪ್ರಶಸ್ತಿ ನೀಡುವುದಾಗಿ 2017ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಆದರೆ ಅವರು ಬೆಳೆಸಿದ ಮಂಡಳಿಯೇ 2020ರಲ್ಲಿ ರದ್ದಾಯಿತು. ಸಂಸ್ಥೆಗಳು ಹುಟ್ಟುತ್ತವೆ, ಅಳಿಯುತ್ತವೆ. ಕೊಳ್ಳುವವರ ಮನಸ್ಸು ಶುದ್ಧವಾಗಿದ್ದರೆ ಮಾತ್ರ ಕಸುಬು ಉಳಿಯುತ್ತದೆ.

ನಮ್ಮ ಧಾರವಾಡ ಸೀಮೆಯ ಕಸೂತಿಯನ್ನೇ ನೋಡಿರಿ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ತೇರು, ಗೋಪುರ, ಆನೆಗಳನ್ನು ಮೂಡಿಸುತ್ತಾರೆ. ಗಂಟು ಹಾಕುವಂತಿಲ್ಲ. ಗವಂತಿಯಲ್ಲಂತೂ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು. ಎಂಥ ಏಕಾಗ್ರತೆ ಬೇಕು! ಇದು ಧ್ಯಾನಕ್ಕೆ ಕಡಿಮೆಯೇ? ಅಂಥ ಒಂದು ಸೀರೆಗೆ ವಾರಗಟ್ಟಲೆ ಕಣ್ಣು ಸವೆಸಿದ ತಾಯಿಯೊಡನೆ ನಾವು ಹತ್ತು ರೂಪಾಯಿಗೆ ಚೌಕಾಶಿ ಮಾಡುತ್ತೇವೆ. ದೊಡ್ಡ ಅಂಗಡಿಯಲ್ಲಿ ಯಂತ್ರದ ನಕಲಿಗೆ ಕೇಳಿದಷ್ಟು ಕೊಟ್ಟು ಬರುತ್ತೇವೆ.

ದುಡಿದವರ ಕೂಲಿಯನ್ನು ಕಡಿಮೆ ಮಾಡಿ ಆ ಹಣದಲ್ಲಿ ಮಾಡಿದ ದಾನ ದಾಸೋಹವಾಗಲಾರದು. ಆದುದರಿಂದ ಈ ವರ್ಷ ಜಾತ್ರೆಗೆ, ಮದುವೆಗೆ ವಸ್ತ್ರ ಕೊಳ್ಳುವಾಗ ನೇಯ್ದವರನ್ನು, ಹೊಲಿದವರನ್ನು ನೆನೆಯಿರಿ. ಸಾಧ್ಯವಾದರೆ ಅವರಿಂದಲೇ ಕೊಳ್ಳಿರಿ, ನ್ಯಾಯವಾದ ಬೆಲೆ ಕೊಡಿರಿ, ಆ ಹಣ ಆ ತಾಯಿಯ ಕೈಗೇ ಸೇರುವಂತೆ ನೋಡಿಕೊಳ್ಳಿರಿ. ನಿಮ್ಮ ಮನೆಯ ಹೆಣ್ಣುಮಗಳಿಗೆ ಕಸುಬು ಬರುತ್ತಿದ್ದರೆ ಅದನ್ನು ಹವ್ಯಾಸವೆಂದು ತಳ್ಳಿಹಾಕದೆ ಕಾಯಕವೆಂದು ಗೌರವಿಸಿರಿ. ಕಮಲಾದೇವಿಯವರಂಥ ತಾಯಂದಿರಿಗೆ ನಾವು ಸಲ್ಲಿಸಬಹುದಾದ ನಿಜವಾದ ನಮನ ಅದೇ ಆಗಿದೆ.