ಅಫೀಮಿನ ಹಿಡಿತದಲ್ಲಿ ಕವಿ ಕೋಲ್‌ರಿಜ್

ಇಂಗ್ಲಿಷ್ ಕಾವ್ಯ ಓದಿದವರಿಗೆಲ್ಲ ಪರಿಚಿತನಾದ ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್ ಜನಿಸಿದ್ದು 1772ರಲ್ಲಿ, ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ. ನೋವು ನಿವಾರಣೆಗೆಂದು ಆತ ಸೇವಿಸುತ್ತಿದ್ದ ಲಾಡನಮ್, ಅಂದರೆ ಮದ್ಯಸಾರದಲ್ಲಿ ಕರಗಿಸಿದ ಅಫೀಮು, ಅಂದು ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಗಳಲ್ಲಿ ದೊರೆಯುತ್ತಿತ್ತು. ಕ್ರಮೇಣ ಔಷಧವೇ ಚಟವಾಯಿತು. ದಾಂಪತ್ಯ ಮುರಿಯಿತು, 1810ರಲ್ಲಿ ಆಪ್ತಮಿತ್ರ ವರ್ಡ್ಸ್‌ವರ್ತ್ ಕೂಡ ದೂರವಾದ. ಬಿಡಲು ಯತ್ನಿಸಿದಾಗಲೆಲ್ಲ ದೇಹಬಾಧೆ ತಾಳಲಾರದೆ ಕವಿ ಮತ್ತೆ ಸೀಸೆಗೆ ಕೈಚಾಚುತ್ತಿದ್ದ.

1816ರ ಏಪ್ರಿಲ್‌ನಲ್ಲಿ ಆತ ಲಂಡನ್ ಸಮೀಪದ ಹೈಗೇಟ್‌ನಲ್ಲಿ ವೈದ್ಯ ಜೇಮ್ಸ್ ಗಿಲ್‌ಮನ್‌ನ ಆಶ್ರಯಕ್ಕೆ ಬಂದ. ಕೆಲವು ವಾರಗಳಿಗೆಂದು ಬಂದವನು ಉಳಿದದ್ದು 18 ವರ್ಷ. ಗಿಲ್‌ಮನ್ ಅಫೀಮಿನ ಪ್ರಮಾಣ ತಗ್ಗಿಸಿ, ತನ್ನ ನಿಗಾದಲ್ಲಿಯೇ ನೀಡತೊಡಗಿದ. ಕವಿ ಗುಟ್ಟಾಗಿ ಔಷಧದಂಗಡಿಯಿಂದ ತರಿಸಿಕೊಂಡದ್ದೂ ಉಂಟು. ಆದರೂ ಆ ಕುಟುಂಬ ಆತನನ್ನು ಕೈಬಿಡಲಿಲ್ಲ. ಚಟ ಸಂಪೂರ್ಣ ತೊಲಗಲಿಲ್ಲ. ಬದುಕು ಮಾತ್ರ ಹಳಿಗೆ ಬಂತು. ಉಪನ್ಯಾಸಗಳು ನಡೆದವು, 1825ರಲ್ಲಿ 'ಏಡ್ಸ್ ಟು ರಿಫ್ಲೆಕ್ಷನ್' ಕೃತಿ ಹೊರಬಂತು. 1834ರ ಜುಲೈ 25ರಂದು ಗಿಲ್‌ಮನ್ ಮನೆಯಲ್ಲಿಯೇ ಆತ ಕೊನೆಯುಸಿರೆಳೆದ.

ಮೆಥಡೋನ್, ಬ್ಯುಪ್ರೆನಾರ್ಫಿನ್‌ನಂಥ ಔಷಧಗಳನ್ನು ವೈದ್ಯರ ನಿಗಾದಲ್ಲಿ ನೀಡುವುದು ಇಂದು ಅಂಗೀಕೃತ ಚಿಕಿತ್ಸೆ. ಕೋಲ್‌ರಿಜ್‌ಗೆ ಅವು ಲಭ್ಯವಿರಲಿಲ್ಲ. ಆದರೆ ಎಡವಿದ ರೋಗಿಯನ್ನು ದೂಡದೆ ಚಿಕಿತ್ಸೆ ಮುಂದುವರಿಸಬೇಕೆಂಬ ಪಾಠ ಹೈಗೇಟ್‌ನ ಆ ಮನೆಯಲ್ಲಿ ಅಂದೇ ಇತ್ತು.