ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ಜೌಗು ಭೂಮಿಯ ಸಮಸ್ಯೆ

ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಣೆಕಟ್ಟುಗಳ ನಿರ್ಮಾತೃವೆಂದೇ ನಾಡಿನ ಜನತೆಗೆ ಚಿರಪರಿಚಿತರು. ಜಮೀನಿಗೆ ನೀರು ಒದಗಿಸುವುದರ ಜೊತೆಗೆ ಅದನ್ನು ಮಿತಿಯಲ್ಲಿ ಬಳಸುವ ಕ್ರಮಕ್ಕೂ ಅವರು ಅಷ್ಟೇ ಮಹತ್ವ ನೀಡಿದ್ದರು. ರೈತಬಾಂಧವರ ಅವಗಾಹನೆಗಾಗಿ ಅವರ ಜೀವನದ ಈ ಮುಖವನ್ನು ಇಲ್ಲಿ ನೀಡಲಾಗಿದೆ.

ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1883ರಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇವೆಗೆ ಸೇರಿದರು.

ಆ ಪ್ರಾಂತ್ಯದ ದಖ್ಖನ್ ಭಾಗದಲ್ಲಿ ಬರಗಾಲದಿಂದ ರಕ್ಷಣೆ ನೀಡುವ ಸಲುವಾಗಿ ನೀರಾ ಮೊದಲಾದ ಕಾಲುವೆಗಳನ್ನು ನಿರ್ಮಿಸಲಾಗಿತ್ತು. ಅಲ್ಲಿನ ಕಪ್ಪು ಮಣ್ಣಿನಲ್ಲಿ ನೀರು ನಿಧಾನವಾಗಿ ಬಸಿಯುತ್ತದೆ. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದಲ್ಲಿ ಅಂತರ್ಜಲ ಮೇಲೇರಿ ಭೂಮಿ ಜೌಗಾಗುತ್ತದೆ. ನೀರು ಆವಿಯಾದಂತೆ ಲವಣವು ಮೇಲ್ಮಣ್ಣಿನಲ್ಲಿ ಉಳಿದು ಭೂಮಿ ಚೌಳಾಗುತ್ತದೆ.

ಜೌಗು ಭೂಮಿಯಲ್ಲಿ ಬೆಳೆ ಸೊರಗುವುದಕ್ಕೆ ಕಾರಣ ಸ್ಪಷ್ಟವಿದೆ. ಮಣ್ಣಿನ ಕಣಗಳ ನಡುವಿನ ರಂಧ್ರಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ, ಅಲ್ಲಿನ ಆಮ್ಲಜನಕವು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲೇ ತೀರಿಹೋಗುತ್ತದೆ. ಉಸಿರಾಟವಿಲ್ಲದ ಬೇರು ಪೋಷಕಾಂಶಗಳನ್ನು ಹೀರಲಾರದು. ಮಣ್ಣಿನಲ್ಲಿರುವ ಸಾರಜನಕದ ಒಂದಂಶವೂ ಅನಿಲವಾಗಿ ನಷ್ಟವಾಗುತ್ತದೆ. ಎಲೆ ಹಳದಿಯಾಗಿ, ಬೆಳವಣಿಗೆ ಕುಂಠಿತಗೊಂಡು ಇಳುವರಿ ಇಳಿಯುತ್ತದೆ. ಭತ್ತದ ಕಾಂಡ ಮತ್ತು ಬೇರುಗಳಲ್ಲಿ ಗಾಳಿ ಸಾಗಿಸುವ ನಾಳಗಳಿರುವುದರಿಂದ ಅದು ನಿಂತ ನೀರನ್ನು ತಾಳಬಲ್ಲದು. ತೊಗರಿ, ಮುಸುಕಿನ ಜೋಳ, ಹತ್ತಿ ಬೆಳೆಗಳಿಗೆ ಆ ಶಕ್ತಿ ಇಲ್ಲ.

ಈ ಹಿನ್ನೆಲೆಯಲ್ಲಿ ವಿಶ್ವೇಶ್ವರಯ್ಯನವರು ದಖ್ಖನ್ ಕಾಲುವೆಗಳಿಗೆ 'ಬ್ಲಾಕ್ ಪದ್ಧತಿ'ಯನ್ನು ರೂಪಿಸಿದರು. ಇದರನ್ವಯ ಪ್ರತಿ ಗ್ರಾಮದಲ್ಲಿ ಯೋಗ್ಯವಾದ ಮಣ್ಣು ಮತ್ತು ಸ್ಥಳವನ್ನು ಆರಿಸಿ, ಗೊತ್ತುಪಡಿಸಿದ ಕ್ಷೇತ್ರಕ್ಕೆ ಮಾತ್ರ ನೀರು ಹಂಚುವುದು ಹಾಗೂ ಕಬ್ಬು, ಭತ್ತ ಮತ್ತು ಕಡಿಮೆ ನೀರಿನ ಬೆಳೆಗಳನ್ನು ಸರದಿಯಂತೆ ಬೆಳೆಯುವುದು ಕ್ರಮವಾಗಿತ್ತು. ಇದರಿಂದ ಒಂದೇ ಜಮೀನಿಗೆ ವರ್ಷವಿಡೀ ನೀರು ಹರಿಯುವುದು ತಪ್ಪಿ, ಹೆಚ್ಚು ಗ್ರಾಮಗಳಿಗೆ ನೀರಿನ ಪ್ರಯೋಜನ ದೊರೆಯಲು ಅವಕಾಶವಾಯಿತು.

ಹೆಚ್ಚಾದ ನೀರಿನ ಇನ್ನೊಂದು ರೂಪವಾದ ಪ್ರವಾಹವನ್ನೂ ಅವರು ಎದುರಿಸಬೇಕಾಯಿತು. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಹಸ್ರಾರು ಜನ ಪ್ರಾಣ ಕಳೆದುಕೊಂಡರು. ನಿಜಾಂ ಸರ್ಕಾರದ ಕೋರಿಕೆಯಂತೆ 1909ರಲ್ಲಿ ಅಲ್ಲಿಗೆ ತೆರಳಿದ ಅವರು, ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಹಿಡಿಯುವ ಯೋಜನೆ ನೀಡಿದರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಆ ಯೋಜನೆಯ ಫಲಗಳು.

ಅದೇ ವರ್ಷ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ, ನಂತರ 1912ರಿಂದ 1918ರವರೆಗೆ ದಿವಾನರಾಗಿ ಸೇವೆ ಸಲ್ಲಿಸಿದರು. ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಆರಂಭಗೊಂಡಿತು. ಈ ಜಲಾಶಯದಿಂದ ಮಂಡ್ಯ ಸೀಮೆಗೆ ನೀರುಣಿಸುವ ನಾಲೆಗೆ ಇಂದು ಅವರ ಹೆಸರಿದೆ. 1955ರಲ್ಲಿ ಭಾರತರತ್ನ ಗೌರವಕ್ಕೆ ಪಾತ್ರರಾದ ಅವರು, ನೂರು ವಸಂತಗಳನ್ನು ಪೂರೈಸಿ 1962ರ ಏಪ್ರಿಲ್ 14ರಂದು ನಿಧನ ಹೊಂದಿದರು.

ಅವರು ಕಂಡ ಸಮಸ್ಯೆ ಇಂದಿಗೂ ಉಳಿದಿದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಡಿಮೆ ನೀರಿನ ಬೆಳೆಗಳಿಗೆ ನಿಗದಿಪಡಿಸಿದ ಜಮೀನುಗಳಲ್ಲೂ ಭತ್ತ ಬೆಳೆದ ಪರಿಣಾಮ, ಮೇಲ್ಭಾಗದಲ್ಲಿ ಭೂಮಿ ಜೌಗು, ಸವಳಾಗಿದ್ದರೆ ಕೊನೆಯ ಭಾಗದ ರೈತರಿಗೆ ನೀರಿನ ಕೊರತೆಯಾಗಿದೆ. ಆದುದರಿಂದ ರೈತಬಾಂಧವರು ನಿಗದಿತ ಬೆಳೆ ಪದ್ಧತಿಯನ್ನು ಅನುಸರಿಸಿ, ಬಸಿಗಾಲುವೆಗಳನ್ನು ಹೂಳು ತೆಗೆದು ಸುಸ್ಥಿತಿಯಲ್ಲಿಟ್ಟುಕೊಳ್ಳುವುದು ಅವಶ್ಯಕ. ಜಮೀನಿನಲ್ಲಿ ನೀರು ನಿಲ್ಲುವ ಅಥವಾ ಬಿಳಿ ಲವಣ ಕಾಣಿಸಿಕೊಳ್ಳುವ ಸಂದರ್ಭದಲ್ಲಿ ಮಣ್ಣು ಪರೀಕ್ಷೆ ಹಾಗೂ ತಾಂತ್ರಿಕ ಸಲಹೆಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.