ಮಿತವ್ಯಯದ ಗೋಡೆ ಮತ್ತು ಲಾರಿ ಬೇಕರ್ (1917–2007)

ಖ್ಯಾತ ವಾಸ್ತುಶಿಲ್ಪಿ ಲಾರಿ ಬೇಕರ್‌ರವರು 1917ರ ಮಾರ್ಚ್ 2ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜನಿಸಿದರು. ಅಲ್ಲಿಯೇ ವಾಸ್ತುಶಿಲ್ಪ ಶಿಕ್ಷಣ ಪಡೆದು, ಎರಡನೇ ಮಹಾಯುದ್ಧದ ಕಾಲದಲ್ಲಿ ಚೀನಾದಲ್ಲಿ ವೈದ್ಯಕೀಯ ಸೇವೆ ಸಲ್ಲಿಸಿದರು. ಹಿಂದಿರುಗುವಾಗ ಮುಂಬಯಿಯಲ್ಲಿ ಹಡಗಿಗಾಗಿ ಕಾಯಬೇಕಾಗಿ ಬಂದಾಗ ಮಹಾತ್ಮ ಗಾಂಧೀಜಿಯವರ ಪರಿಚಯವಾಯಿತು. ಐದು ಮೈಲಿಯೊಳಗೆ ದೊರೆಯುವ ಸಾಮಗ್ರಿಯಿಂದಲೇ ಮನೆ ಕಟ್ಟಬೇಕೆಂಬ ಗಾಂಧೀಜಿಯವರ ವಿಚಾರ ಅವರ ವೃತ್ತಿಜೀವನದ ದಿಕ್ಕನ್ನು ನಿರ್ಧರಿಸಿತು.

1945ರಲ್ಲಿ ಅವರು ಕುಷ್ಠರೋಗಿಗಳ ಸೇವಾ ಸಂಸ್ಥೆಯ ವಾಸ್ತುಶಿಲ್ಪಿಯಾಗಿ ಭಾರತಕ್ಕೆ ಮರಳಿದರು. 1948ರಲ್ಲಿ ವೈದ್ಯೆ ಎಲಿಜಬೆತ್‌ರವರನ್ನು ವಿವಾಹವಾಗಿ ಹಿಮಾಲಯದ ಪಿಥೋರಾಗಢದಲ್ಲಿ ನೆಲೆಸಿದರು. ಸ್ಥಳೀಯರು ಕಲ್ಲು, ಮಣ್ಣು, ಮರಗಳಿಂದ ಕಟ್ಟುತ್ತಿದ್ದ ಮನೆಗಳೇ ಅವರಿಗೆ ಎರಡನೆಯ ಪಾಠಶಾಲೆಯಾದವು. 1960ರ ದಶಕದಲ್ಲಿ ಕೇರಳಕ್ಕೆ ಬಂದು, ಮುಂದೆ ತಿರುವನಂತಪುರದಲ್ಲಿ ವಾಸ್ತವ್ಯ ಹೂಡಿದರು.

ಸಣ್ಣ ಮನೆಯೊಂದರ ವೆಚ್ಚದಲ್ಲಿ ಗೋಡೆಯ ಪಾಲು ದೊಡ್ಡದು. ಆದ್ದರಿಂದ ಬೇಕರ್‌ರವರ ಗಮನ ಮೊದಲು ಹೊರಗೋಡೆಯತ್ತ ಹರಿಯಿತು. ರೂಢಿಯ ಒಂಬತ್ತು ಅಂಗುಲದ ಗೋಡೆಯಲ್ಲಿ ಇಟ್ಟಿಗೆಗಳನ್ನು ಮಲಗಿಸಿ ಒತ್ತಾಗಿ ಕಟ್ಟಲಾಗುತ್ತದೆ. ಅವರು ಪ್ರಚಾರಕ್ಕೆ ತಂದ ‘ರ‍್ಯಾಟ್ ಟ್ರ್ಯಾಪ್’, ಅಂದರೆ ಇಲಿಬೋನು ಪದ್ಧತಿಯಲ್ಲಿ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒಳಗೆ ಟೊಳ್ಳು ಬಿಡಲಾಗುತ್ತದೆ. ಗೋಡೆಯ ದಪ್ಪ ಅಷ್ಟೇ ಉಳಿದರೂ ಇಟ್ಟಿಗೆ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ; 10,000 ಬೇಕಾದಲ್ಲಿ ಸುಮಾರು 7,500 ಸಾಕು. ಗಾರೆಯೂ ಉಳಿಯುತ್ತದೆ, ಟೊಳ್ಳಿನಲ್ಲಿರುವ ಗಾಳಿ ಬಿಸಿಲಿನ ಝಳವನ್ನು ತಡೆಯುತ್ತದೆ. ಮೂಲೆಗಳಲ್ಲಿಯೂ ಬಾಗಿಲು ಕಿಟಕಿಗಳ ಪಕ್ಕದಲ್ಲಿಯೂ ಟೊಳ್ಳನ್ನು ಮುಚ್ಚಬೇಕಾಗುವುದರಿಂದ, ಇಡೀ ಮನೆಯ ಲೆಕ್ಕದಲ್ಲಿ ಉಳಿತಾಯ ತುಸು ಇಳಿಯುತ್ತದೆಂಬುದನ್ನು ಅಂದಾಜುಪಟ್ಟಿ ತಯಾರಿಸುವವರು ಮರೆಯಬಾರದು. ಸಮನಾದ ಇಟ್ಟಿಗೆ ಮತ್ತು ನುರಿತ ಮೇಸ್ತ್ರಿ ಇಲ್ಲದಿದ್ದರೆ ಈ ಕೆಲಸ ಕೆಡುತ್ತದೆ.

ಅರ್ಧ ಇಟ್ಟಿಗೆಯ ತೆಳುಗೋಡೆಗೆ ಬಾಗು ಅಥವಾ ಮಡಿಕೆ ಕೊಟ್ಟರೆ ಅದಕ್ಕೂ ಬಲ ಬರುತ್ತದೆಂದು ಅವರು ತೋರಿಸಿದರು. ವೃತ್ತಾಕಾರದ ಮನೆಗಳನ್ನೂ ಕಟ್ಟಿದರು. ಅಷ್ಟೇ ವಿಸ್ತೀರ್ಣದ ಚೌಕಕ್ಕಿಂತ ವೃತ್ತದ ಸುತ್ತಳತೆ ಶೇ. 11ರಷ್ಟು ಕಡಿಮೆ. ಹೊರಗೋಡೆಗೆ ಗಿಲಾವು ಅನಗತ್ಯವೆಂಬುದು ಅವರ ದೃಢ ನಿಲುವಾಗಿತ್ತು. ಇಟ್ಟಿಗೆ ಸುಡಲು ಸೌದೆ ಬೇಕು, ಸೌದೆಗೆ ಕಾಡು ಬೇಕು ಎಂಬ ಲೆಕ್ಕವನ್ನು ಮುಂದಿಟ್ಟು, ಸಾಧ್ಯವಿರುವೆಡೆ ಮಣ್ಣಿನ ಗೋಡೆಯನ್ನೇ ಸಮರ್ಥಿಸಿದರು. ಸಾಮಾನ್ಯರಿಗೂ ತಿಳಿಯುವಂತೆ ಸ್ವತಃ ಚಿತ್ರ ಬರೆದು ಕಿರುಪುಸ್ತಕಗಳನ್ನು ರಚಿಸಿದರು.

ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಕಟ್ಟಡಗಳು ಅವರ ಪ್ರಮುಖ ಕೃತಿ. 1985ರಲ್ಲಿ ಸ್ಥಾಪನೆಯಾದ ಕಾಸ್ಟ್‌ಫೋರ್ಡ್ ಸಂಸ್ಥೆಯ ಮೂಲಕ ಅವರ ವಿಧಾನಗಳು ಬಡವರ ವಸತಿ ನಿರ್ಮಾಣಕ್ಕೆ ಬಳಕೆಯಾದವು. ಭಾರತದ ಪೌರತ್ವ ಪಡೆದ ಅವರಿಗೆ 1990ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 2007ರ ಏಪ್ರಿಲ್ 1ರಂದು ತಿರುವನಂತಪುರದಲ್ಲಿ ಅವರು ನಿಧನ ಹೊಂದಿದರು.